ಜಗಳೂರಕ್ಕನ ಕ್ಲಬ್ಬು

೧೯೭೪ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು ಅರ್ಧ ಆಗಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆ ಬಗ್ಗೆ ಇವತ್ತಿನವರೆಗೂ ಯಾರ ಮುಂದೆಯೂ ಕೊರಗಿಲ್ಲ. ನ್ಯಾಮತಿಯ ಒಂದು ಸೈಕಲ್ ಶಾಪಿನಲ್ಲಿ ಕೆಲಸಕ್ಕೆ ನಿಂತೆ. ನಾಲ್ಕೈದು ವರ್ಷದಲ್ಲಿ ಆ ಶಾಪನ್ನೇ ನಾನು ನಡೆಸುತ್ತಿದ್ದೆ.

ಮೊನ್ನೆ ಚನ್ನಗಿರಿ ಬಸ್ ಸ್ಟ್ಯಾಂಡಿನ ಪಕ್ಕ ನಡೆದು ಹೋಗುವಾಗ ಹುರಿದ ಶೇಂಗಾ, ಬೆಲ್ಲ, ತುಪ್ಪ ಮೂರೂ ಸೇರಿದ ವಾಸನೆ ಬಂತು. ಒಬ್ಬ ಹೆಣ್ಣುಮಗಳು ಹೊಸದಾಗಿ ಅಂಗಡಿ ಇಟ್ಟು ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಸಿಹಿ ತಿನ್ನಬೇಡ ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಆದರೂ ಸ್ವಲ್ಪ ಹೊತ್ತು ನಿಂತೆ. ನ್ಯಾಮತಿಯಲ್ಲಿ ನಮ್ಮ ಶಾಪಿನ ಎದುರು ಮನೆಯಲ್ಲಿದ್ದ ಜಗಳೂರಕ್ಕ ನೆನಪಾದಳು.

ಅದು ಆಕೆಯ ಹೆಸರಲ್ಲ. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬಂದ ಊರೇ ಹೆಸರಾಗುತ್ತದೆ. ಜಗಳೂರಿನಿಂದ ಬಂದಿದ್ದಳು, ಜಗಳೂರಕ್ಕ ಆದಳು. ಆಕೆಯ ಗಂಡ ರೈಸ್ ಮಿಲ್ಲಿನ ಯಜಮಾನರು. ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿಗೂ ಅವರೇ ಅಧ್ಯಕ್ಷರು.

ಫುಟ್‌ಬಾಲ್ ನಮ್ಮೂರಿಗೆ ಬಂದದ್ದು ಭದ್ರಾವತಿ ಕಡೆಯಿಂದ. ಕಾರ್ಖಾನೆ ಕೆಲಸದಲ್ಲಿದ್ದ ಯಾರೋ ರಜಕ್ಕೆ ಬಂದಾಗ ಒಂದು ಚೆಂಡು ತಂದರಂತೆ. ಕ್ಲಬ್ಬನ್ನು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ. ಹುಟ್ಟಿದ ಊರಿನ ಕ್ಲಬ್ಬು ನಮ್ಮದು, ರೇಷನ್ ಕಾರ್ಡಿನಲ್ಲಿ ಹೆಸರು ಸೇರಿದ ಹಾಗೆ. ನಾನು ಒಳಗೆ ಸೇರಿದ್ದು ಮಾತ್ರ ಕೆಲಸದ ದೆಸೆಯಿಂದ. ಆಗಿನ ಚೆಂಡಿಗೆ ಮೇಲೆ ಚರ್ಮ, ಒಳಗೆ ರಬ್ಬರಿನ ಬ್ಲಾಡರ್. ಜಾಲಿ ಮುಳ್ಳು ಚುಚ್ಚಿದರೆ ಪಂಕ್ಚರ್ ಹಾಕಿಸಲು ನನ್ನ ಹತ್ತಿರವೇ ಬರಬೇಕು. ಹಾಗೆ ಒಂದು ಸಂಜೆ ಚೆಂಡು ಕೊಡಲು ಗ್ರೌಂಡಿಗೆ ಹೋದೆ. ಒಬ್ಬ ಕಡಿಮೆ ಇದ್ದಾನೆ ನಿಲ್ಲು ಎಂದರು, ಹಿಂದೆ ಬ್ಯಾಕ್ ನಿಂತೆ. ನ್ಯಾಮತಿ ಬಿಡುವವರೆಗೂ ಅದೇ ನನ್ನ ಜಾಗ.

ಹೆಂಗಸರ ವಿಷಯ ಇನ್ನೂ ಸಲೀಸು. ಮದುವೆಯಾದ ಮೇಲೆ ಗಂಡನ ಊರೇ ಅವರ ಊರು, ಗಂಡನ ಕ್ಲಬ್ಬೇ ಅವರ ಕ್ಲಬ್ಬು. ಜಗಳೂರಕ್ಕ ಯಾವ ಕಡೆ ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕಾದ ಸಂದರ್ಭವೇ ಬಂದಿರಲಿಲ್ಲ…

ಎಂಬತ್ತರ ಆಸುಪಾಸು ನಾವು ಒಂದು ಟೂರ್ನಮೆಂಟ್ ಇಟ್ಟೆವು. ಫೈನಲ್‌ನಲ್ಲಿ ನಮ್ಮ ಎದುರು ಬಂದದ್ದು ಜಗಳೂರಿನ ತಂಡ. ಹುಡುಗರು ರಾತ್ರಿ ಸ್ಕೂಲಿನಲ್ಲಿ ಮಲಗಿ, ಬೆಳಿಗ್ಗೆ ನಮ್ಮ ಬೀದಿಯ ಹೋಟೆಲಿನ ಮುಂದೆ ನಿಂತು ಚಹಾದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಅಕ್ಕ ಜಗಲಿಗೆ ಬಂದಳು.

"ಎಲ್ಲಿಯೋರಪ್ಪ ನೀವು?"

"ಜಗಳೂರ್ರೀ."

"ಜಗಳೂರಾಗೆ ಯಾರ ಪೈಕಿ?"

ಅವರ ಗೋಲಿ, ಗೋಲು ಕಾಯುವ ಉದ್ದನೆಯ ಹುಡುಗ, ಮನೆತನದ ಹೆಸರು ಹೇಳಿದ. ಅಕ್ಕ ಜಗಲಿಯಿಂದ ಇಳಿದೇ ಬಿಟ್ಟಳು.

"ಅಯ್ಯೋ, ನಿಮ್ಮಜ್ಜಿ ಸೆರಗು ಹಿಡ್ಕಂಡು ಬೆಳೆದೋಳು ಕಣೋ ನಾನು! ಎಸಿ ಆ ಬನ್ನು. ಎಲ್ರೂ ಎಸೀರಿ!"

ಯಜಮಾನರು ಒಳಗಿನಿಂದ ಬಂದರು. "ಏನೇ ಇದು? ಮಧ್ಯಾಹ್ನ ನಮ್ ಮ್ಯಾಲೆ ಆಡೋರಿಗೆ ಊಟ ಹಾಕ್ತೀಯೇನು?"

"ಆಟ ನಿಮ್ದು, ಊಟ ನನ್ದು. ತವರಿನ ಹುಡುಗ್ರು ನನ್ ಮನೆ ಮುಂದೆ ನಿಂತು ಬನ್ನು ತಿಂದು ಹೋದ್ರೆ, ಪಂಚಮಿಗೆ ಯಾವ ಮಕ ಇಟ್ಕಂಡು ಆ ಊರಿಗೆ ಹೋಗ್ಲಿ?"

ಯಜಮಾನರು ಚಪ್ಪಲಿ ಮೆಟ್ಟಿ ಮಿಲ್ಲಿನ ಕಡೆ ಹೊರಟರು. ನಾಗರಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ವರ್ಷದ ದೊಡ್ಡ ಸಂಗತಿ. ಅಕ್ಕನಿಗೆ ತಂದೆತಾಯಿ ಇರಲಿಲ್ಲ, ಅಣ್ಣ ಒಬ್ಬನೇ. ಒಂದು ವರ್ಷವೂ ಅವನು ತಪ್ಪಿಸಿರಲಿಲ್ಲ.

ಮಧ್ಯಾಹ್ನ ಪಡಸಾಲೆಯಲ್ಲಿ ಎರಡು ಸಾಲು ಎಲೆ ಬಿತ್ತು. ಶಾಪಿನಿಂದ ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಆಮೇಲೆ ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ.

"ಸಾಕಕ್ಕ, ಆಡಾಕೆ ಐತೆ."

"ಆಡಾಕೇ ಹೇಳ್ತಿರೋದು. ಖಾಲಿ ಹೊಟ್ಟೇಲಿ ಒದ್ರೆ ಚೆಂಡು ಮಾರು ದೂರ ಹೋಗಂಗಿಲ್ಲ. ಹಾಕ್ಸ್ಕ."

ಅಕ್ಕ ಅಂತ ಒಮ್ಮೆ ಕರೆದ ಮೇಲೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಹಾಗಿಲ್ಲ. ಹುಡುಗರು ಹಾಕಿಸಿಕೊಂಡರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಜಗಳೂರಿನವರು ಪಕ್ಕೆ ಹಿಡಿದುಕೊಂಡು ನಿಲ್ಲತೊಡಗಿದರು. ಅವರ ಫಾರ್ವರ್ಡ್ ಒಬ್ಬ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಅಣ್ಣಾ, ಸ್ವಲ್ಪ ತಡಿ, ಎದಿ ಮಟ ಐತೆ" ಅಂದ. ಉದ್ದನೆಯ ಗೋಲಿಗೆ ಬಗ್ಗಲು ಆಗುತ್ತಿರಲಿಲ್ಲ. ಮೂರು ಗೋಲು ಅವನ ಕಾಲಿನ ಪಕ್ಕದಲ್ಲೇ ಹೋದವು. ಬ್ಯಾಕ್ ನಿಂತ ನನಗೆ ಆ ದಿನ ಬೆವರೂ ಬರಲಿಲ್ಲ. ಹೆಂಗಸರ ನಡುವೆ ನಿಂತಿದ್ದ ಅಕ್ಕ ಮೊದಲು ಕೂಗುತ್ತಿದ್ದಳು. ಹಾಫ್ ಟೈಮ್ ಆದ ಮೇಲೆ ಸೆರಗು ಹೊದ್ದು ಹಿಂದಿನ ಸಾಲಿಗೆ ಸರಿದಳು.

ಅಷ್ಟಕ್ಕೇ ಮುಗಿದಿದ್ದರೆ ಮರೆತುಹೋಗುತ್ತಿತ್ತೇನೋ. ಕಪ್ ಕೊಡುವಾಗ ಯಜಮಾನರು ಮೈಕ್ ಹಿಡಿದು, "ಈ ಕಪ್ ಗೆದ್ದಿದ್ದು ನಮ್ ಹುಡುಗ್ರಲ್ಲ, ನಮ್ ಮನೆಯಾಕೆ ಹೋಳಿಗೆ!" ಅಂದರು. ಊರೆಲ್ಲ ನಕ್ಕಿತು, ಚಪ್ಪಾಳೆ ಬಿತ್ತು. ಯಜಮಾನರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಖುಷಿಗೆ ಆಡಿದ ಮಾತು. ಆದರೆ ಜಗಳೂರಿನ ಹುಡುಗರು ಆ ಮಾತನ್ನು ಕಟ್ಟಿಕೊಂಡೇ ಬಸ್ ಹತ್ತಿದರು.

ಮಾತು ಅಲ್ಲಿ ಬೆಳೆಯಿತು. ಗಂಡನ ಊರಿಗೆ ಕಪ್ ಕೊಡಿಸಲು ತವರಿನ ಹುಡುಗರಿಗೆ ಬೇಕೆಂದೇ ಹೊಟ್ಟೆ ಬಿರಿಯ ತಿನ್ನಿಸಿದಳು ಎಂದಾಯಿತು. ಆ ಪಂಚಮಿಗೆ ಅಣ್ಣ ಬರಲಿಲ್ಲ. ಅಕ್ಕ ಚೀಲ ತುಂಬಿಟ್ಟುಕೊಂಡು ಜಗಲಿಯ ಮೇಲೆ ಕೂತದ್ದನ್ನು ನಾನು ನೋಡಿದ್ದೇನೆ. ಹೊನ್ನಾಳಿ ಕಡೆಯಿಂದ ಬರುವ ಬಸ್ಸುಗಳೆಲ್ಲ ಬಂದು ಹೋದವು…

ಎರಡು ದಿನ ಬಿಟ್ಟು ಶಾಪಿಗೆ ಬಂದಳು. "ತಮ್ಮಾ, ನೀನು ಆಡಿದೋನು. ದೇವ್ರಾಣೆಗೂ ಹೇಳು. ಊಟದಿಂದ್ಲೇ ಸೋತ್ರಾ?"

"ಗೊತ್ತಿಲ್ಲಕ್ಕ. ಇನ್ನೊಂದ್ಸಲ ಆಡಿದ್ರೆ ಗೊತ್ತಾಗ್ತೈತೆ ನೋಡ್ರಿ."

ನನ್ನ ಬಾಯಿಂದ ಬಂದ ಆ ಮಾತನ್ನು ಆಕೆ ಗಟ್ಟಿಯಾಗಿ ಹಿಡಿದಳು. ಇನ್ನೊಂದು ಮ್ಯಾಚ್ ಆಗಬೇಕು, ಜಗಳೂರಿನಲ್ಲೇ ಆಗಬೇಕು ಎಂದು ಗಂಡನ ಬೆನ್ನು ಹತ್ತಿದಳು. ಮೈಕಿನ ಮಾತು ತಮ್ಮದೇ ಆದ್ದರಿಂದ ಯಜಮಾನರು ಒಪ್ಪಿದರು.

ಮುಂದಿನ ಬೇಸಿಗೆಯಲ್ಲಿ ಮಿಲ್ಲಿನ ಲಾರಿಯಲ್ಲಿ ಹೊರಟೆವು. ಹೊನ್ನಾಳಿ ದಾಟಿ, ದಾವಣಗೆರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಕ್ಕ ಮುಂದಿನ ಸೀಟಿನಿಂದ ಇಳಿದಳು. ಕೈಯಲ್ಲಿ ಏನೂ ಇರಲಿಲ್ಲ. ತವರಿಗೆ ಹೋಗುವ ಹೆಣ್ಣುಮಗಳು ಬರಿಗೈಯಲ್ಲಿ ಹೋಗುವುದನ್ನು ನಾನು ಅದೇ ಮೊದಲು ಕಂಡದ್ದು. ನಮ್ಮ ಗೋಲಿ, ಟೈಲರ್ ಕೆಲಸದವನು, ಬಾಯಿ ಸುಮ್ಮನಿರದ ಮನುಷ್ಯ.

"ಅಕ್ಕಾರೇ, ಹೋಳಿಗೆ ಎಲ್ಲಿ? ನಮ್ ಆಯುಧ ಮನೇಲೇ ಬಿಟ್ ಬಂದ್ರಾ?"

"ನಿನ್ ಬಾಯಿಗೆ ಹೊಲಿಗೆ ಹಾಕೋದು ಬಿಟ್ಟು ಊರೋರ ಬಟ್ಟೆಗೆ ಹಾಕ್ತಾ ಕೂತಿದೀಯ ನೋಡು!"

ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗದೆ ಹೇಳಿದರು: "ಏ, ಕೇಳಿಲ್ಲಿ. ಇವತ್ತು ನಿನ್ನೋರು ಸೋತ್ರೆ ನೀನು ಬಚಾವು. ಊಟ ಇಲ್ದಿದ್ರೂ ಸೋಲ್ತಾರೆ ಅಂತ ಆಗ್ತೈತೆ. ಗೆದ್ರೆ ಮಾತ್ರ ಅಪವಾದ ನಿನ್ ತಲೆ ಮ್ಯಾಲೆ ಖಾಯಂ."

ಅಕ್ಕ ಲೋಟ ಕೆಳಗಿಟ್ಟು ಲಾರಿ ಹತ್ತಿದಳು. ಆಕೆ ಇದನ್ನು ಮೊದಲೇ ಯೋಚಿಸಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನಂತೂ ಯೋಚಿಸಿರಲಿಲ್ಲ. ಆ ದಿನ ನಾನು ಗೆಲ್ಲಬೇಕೆಂದು ಆಡಲು ಇಳಿದದ್ದು ಅರ್ಧ ಕ್ಲಬ್ಬಿಗಾಗಿ, ಅರ್ಧ ಆಕೆಗಾಗಿ.

ಜಗಳೂರಿನಲ್ಲಿ ಅವಳ ಅಣ್ಣ ಗ್ರೌಂಡಿಗೆ ಬಂದಿದ್ದ. ತಂಗಿಯನ್ನು ನೋಡಿದ, ಮುಖ ತಿರುಗಿಸಿದ. ಹೆಂಗಸರ ಗುಂಪು ಆಕೆ ಬಂದಾಗ ಸ್ವಲ್ಪ ಸರಿಯಿತು. ಜಾಗ ಬಿಟ್ಟಂತೆಯೂ ಇತ್ತು, ದೂರ ಹೋದಂತೆಯೂ ಇತ್ತು. ಅಕ್ಕ ಒಬ್ಬಳೇ ಗೆರೆಯ ಪಕ್ಕ ನಿಂತಳು.

ಈ ಸಲ ಅವರು ಬೇರೆ ತಂಡದಂತೆ ಓಡಿದರು. ನಾವೂ ಬಿಡಲಿಲ್ಲ. ಕೊನೆ ಹತ್ತಿರ ಬಂದರೂ ಗೋಲಿಲ್ಲ. ಹಾಗೇ ಮುಗಿದರೂ ಆಕೆಗೆ ಸಾಕು ಅಂದುಕೊಂಡೆ. ಅಷ್ಟರಲ್ಲಿ ಅವರಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಗೋಲಿನ ಮುಂದೆ ಬಿತ್ತು, ಜಂಗುಳಿ ಆಯಿತು. ಆಗ ಒಂದು ದನಿ ಎಲ್ಲರ ಕೂಗನ್ನೂ ಸೀಳಿಕೊಂಡು ಬಂತು.

"ಹೊಡಿಯೋ! ಎಡಗಾಲಾಗೆ ಹೊಡಿ! ನೋಡ್ತಾ ನಿಂತ್ಕಬ್ಯಾಡ್ರೋ, ಹೊಡೀರಿ!"

ಜಗಳೂರಕ್ಕ. ಸೆರಗು ತಲೆಯಿಂದ ಜಾರಿತ್ತು, ಕಾಲು ಗೆರೆಯ ಒಳಗೆ ಬಂದಿತ್ತು. ನಾನು ಕಾಲು ಅಡ್ಡ ಇಟ್ಟೆ. ಚೆಂಡು ನನ್ನನ್ನು ದಾಟಿ ಗೋಲಿನೊಳಗೆ ಹೋಯಿತು. ತಿರುಗಿ ನೋಡಿದರೆ ಆಕೆ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಳು. ತನ್ನ ತಲೆಯ ಮೇಲೆ ಅಪವಾದ ಖಾಯಂ ಆಯಿತೆಂದು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಯಜಮಾನರು ಹೇಳಿದಂತೆಯೇ ಆಯಿತು. ಪಂದ್ಯ ಮುಗಿದ ಮೇಲೆ ಜಗಳೂರಿನ ಒಬ್ಬ ಹಿರಿಯರು ಎಲ್ಲರಿಗೂ ಕೇಳುವಂತೆ, "ನೋಡಿದ್ರಾ, ಊಟ ಇಲ್ದಿದ್ರೆ ನಮ್ ಹುಡುಗ್ರು ಹೆಂಗೆ ಆಡ್ತಾವೆ? ಆವತ್ತು ಸೋಲಿಸಿದ್ದು ಹೋಳಿಗೇನೆ" ಅಂದರು. ಅಣ್ಣ ಮಾತಾಡಿಸದೆ ಹೋದ. ನಾವು ಲಾರಿ ಹತ್ತಿದೆವು. ಹರಿಹರದ ಹತ್ತಿರ ಬಂದಾಗ ಅಕ್ಕ ಮುಂದಿನ ಸೀಟಿನ ಕಿಂಡಿಯಿಂದ ಹಿಂದಕ್ಕೆ ತಿರುಗಿ, "ಏನೇ ಅನ್ರಿ, ಎಡಗಾಲಾಗೆ ಚಲೋ ಹೊಡ್ದ" ಅಂದಳು.

ಮುಂದಿನ ಪಂಚಮಿಗೂ ಕರೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅಷ್ಟರಲ್ಲಿ ನಾನು ಚನ್ನಗಿರಿಗೆ ಬಂದು ಸ್ವಂತ ಶಾಪು ಹಾಕಿದೆ. ಇಲ್ಲಿನ ಕ್ಲಬ್ಬು ಆಡುವುದನ್ನು ನೋಡಲು ಹೋದ ಒಂದು ದಿನ ಗ್ರೌಂಡಿನ ಆ ತುದಿಯಲ್ಲಿ ಆಕೆ ನಿಂತಿದ್ದಳು. ಎದುರು ತಂಡ ಜಗಳೂರು. ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು.

"ಏನಕ್ಕ, ಇಷ್ಟು ದೂರ?"

"ತವರಿಗೆ ಹೋಗಾಕೆ ಯಾರಾದ್ರೂ ಕರೀಬೇಕು ತಮ್ಮಾ. ಆಟ ನೋಡಾಕೆ ಯಾರ್ ಕರೀಬೇಕು?"

ಹೊನ್ನಾಳಿ, ದಾವಣಗೆರೆ, ಎಲ್ಲಿ ಆ ತಂಡ ಆಡಿದರೂ ಹೋಗುತ್ತಿದ್ದಳಂತೆ. ಯಜಮಾನರು ಬೇಡ ಅನ್ನುತ್ತಿರಲಿಲ್ಲ. ಆಕೆ ಹುಡುಗರಿಗೆ ಒಂದು ಗುಟುಕು ನೀರೂ ಕೊಡುತ್ತಿರಲಿಲ್ಲ, ಹತ್ತಿರವೂ ಹೋಗುತ್ತಿರಲಿಲ್ಲ. ದೂರ ನಿಂತು ಕೂಗಿ, ಬಸ್ಸು ಹತ್ತಿ ವಾಪಸ್ಸು.

ನಾನು ಆಕೆಯ ಪಕ್ಕದಲ್ಲೇ ನಿಂತೆ. ಕೆರೆಬಿಳಚಿಯ ನನ್ನ ಗಿರಾಕಿಯೊಬ್ಬರು ಎದುರಿನಿಂದ ಕೂಗಿದರು: "ಏನ್ರೀ ಸೈಕಲ್ ಶಾಪು, ಅನ್ನ ತಿನ್ನೋದು ಚನ್ನಗಿರಿದು, ನಿಂತಿರೋದು ಆ ಕಡೆ?"

"ಇಲ್ಲಿ ನೆರಳೈತ್ರೀ" ಅಂದೆ.

"ಸುಳ್ಳು ಹೇಳ್ಬ್ಯಾಡ," ಅಕ್ಕ ಆಟದಿಂದ ಕಣ್ಣು ತೆಗೆಯದೆ ಹೇಳಿದಳು. "ನೆರಳು ಆ ಕಡೆ ಐತೆ."

ಅವತ್ತಿನಿಂದ ಅದು ನನ್ನ ಕ್ಲಬ್ಬೂ ಆಯಿತು. ನಾನು ಹುಟ್ಟಿದ ಊರಿನದಲ್ಲ, ದುಡಿದ ಊರಿನದೂ ಅಲ್ಲ. ಯಾಕೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಕೊಡಲು ನನಗೆ ಎಂದೂ ಬರಲಿಲ್ಲ. ಆ ತಂಡ ಚನ್ನಗಿರಿಗೆ ಇನ್ನೂ ಕೆಲವು ಸಲ ಬಂತು. ಆಮೇಲೆ ಬರುವುದು ನಿಂತಿತು. ಊರೂರಲ್ಲೂ ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದಿದ್ದರು…

ಅಕ್ಕ ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳುಗಳಾದ ಮೇಲೆ, ನ್ಯಾಮತಿಯಿಂದ ಬಂದ ಒಬ್ಬ ಗಿರಾಕಿಯ ಬಾಯಿಂದ. ಮಣ್ಣಿಗೆ ಅಣ್ಣನ ಕಡೆಯವರು ಬಂದಿದ್ದರೇ ಎಂದು ಕೇಳಿದೆ. ಆತನಿಗೆ ಗೊತ್ತಿರಲಿಲ್ಲ.

ಈಗ ನನಗಿರುವುದು ಇಷ್ಟು: ಚನ್ನಗಿರಿಯಲ್ಲಿ ಎರಡು ಮಳಿಗೆ, ಒಂದು ಮನೆ, ಇಬ್ಬರು ಮಕ್ಕಳು, ಮಳೆಗಾಲದಲ್ಲಿ ನೋಯುವ ಒಂದು ಮೊಣಕಾಲು. ಕ್ಲಬ್ಬು ಒಂದೂ ಇಲ್ಲ.