ಫರಸಿ ಮ್ಯಾಲ ಕೂತ ಶನಿ

ಮೊಮ್ಮಗಳು ಲೀಲಾ ಮೊನ್ನೆ ಹೈದರಾಬಾದಿನಿಂದ ರಜಾಕ್ಕ ಬಂದಳು. ಚೀಲ ಬಿಚ್ಚಿದ್ದೇ ತಡ, ಮನಿ ತುಂಬ ಟರ್ಪೆಂಟೈನ್ ವಾಸನಿ. ಸೊಸಿ ಮೂಗಿಗೆ ಸೆರಗು ಹಿಡಿದಳು. ನಾ ಮಾತ್ರ ಬಣ್ಣ ಹತ್ತಿದ ಆಕಿಯ ಓಢಣಿ ಮೂಗಿಗೆ ಹಚ್ಚಿಕೊಂಡು ಕೂತೆ. ನಗಬ್ಯಾಡ್ರಿ. ನೀವು ಮಲ್ಲಿಗಿ ಮೂಸಿದರ ರಸಿಕರು, ನಾ ಟರ್ಪೆಂಟೈನ್ ಮೂಸಿದರ ಹುಚ್ಚಿ ಏನು? ಚಿತ್ರಕಲಾ ಕಾಲೇಜಿನಾಗ ಓದುವ ಮೊಮ್ಮಗಳು ನಮ್ಮ ಝರಾಸಂಗಂದಾಗ ಮತ್ಯಾರಿಗೆ ಅದಾಳ, ತೋರಸ್ರಿ ನೋಡೋಣು. ನಾ ನಾಲ್ಕನೇತ್ತ ಪಾಸಾದಾಕಿ, ಅದೂ ಮಾಸ್ತರರು ಕನಿಕರ ಮಾಡಿದ್ದಕ್ಕ. ಆದರ ಮೊಮ್ಮಗಳ ಮಾತು ಬಂತಂದ್ರ ಯಾರು ಕೇಳಿದರೂ ಹೇಳತೀನಿ, ಕೇಳದಿದ್ದರೂ ಹೇಳತೀನಿ. ಜಹೀರಾಬಾದ್ ಬಸ್ಸಿನ್ಯಾಗ ಪಕ್ಕದಾಗ ಕೂತಾಕಿಗೆ ಹೇಳಿದೆ. ಆಕಿ ಎದ್ದು ಹಿಂದಿನ ಸೀಟಿಗೆ ಹೋದಳು. ಅಲ್ಲಿಗೂ ಕೇಳುವಂಗ ಹೇಳಿದೆ.

ಆಕಿ ಕಾಲೇಜಿಗೆ ಹೋಗಿದ್ದು ಮಾತ್ರ ಸಸಾರದ ಕೆಲಸ ಆಗಿರಲಿಲ್ಲ. ಸೀಟು ಸಿಕ್ಕಿತ್ತು, ಟ್ರಂಕು ತುಂಬಿತ್ತು, ಆಗ ಶನಿ ಬಂದು ಬಾಗಲಾಗ ಅಡ್ಡ ನಿಂತ. ಆ ಶನಿಯನ್ನ ಕೈ ಹಿಡಿದು ಕರಕೊಂಡು ಬಂದಾವ ನನ್ನ ಮೈದುನ ಮಲ್ಲಣ್ಣ.

ಮಲ್ಲಣ್ಣ ಜಹೀರಾಬಾದಿನಾಗ ಬ್ಯಾಂಕ್ ಮ್ಯಾನೇಜರ್ ಆಗಿದ್ದ. ನೌಕರಿ ಇರೋತನ ಅವನ ಮೇಜಿನ ಮುಂದ ಮಂದಿ ಕೈಕಟ್ಟಿ ನಿಲ್ಲತಿದ್ದರು. ರಿಟೈರ್ ಆದ ಮ್ಯಾಲ ಒಬ್ಬರೂ ನಿಲ್ಲವಲ್ಲರು. ಹಿಂಗಾಗಿ ಜ್ಯೋತಿಷ್ಯ ಕಲತ. ಫೋನಿನ್ಯಾಗ ನೋಡಿ ಕಲತ. ಈಗ ಮಂದಿ ಮತ್ತ ಕೈಕಟ್ಟಿ ನಿಲ್ಲತಾರ. ಮೊದಮೊದಲು ಜಾತಕ ಕೊಟ್ಟರ ನೋಡತಿದ್ದ. ಆಮ್ಯಾಲ ವಿದ್ಯಾ ಹೆಚ್ಚಾತು ನೋಡ್ರಿ, ಮಂದಿ ಹಾಕಿದ ರಂಗೋಲಿ, ಹೊಲಿದ ಕೌದಿ, ತಟ್ಟಿದ ರೊಟ್ಟಿ, ಎಲ್ಲಾದರಾಗೂ ಅವರವರ ಗ್ರಹ ಕಾಣಾಕ ಹತ್ತಿದವು. "ಕೈಯಿಂದ ಮಾಡಿದ್ದರಾಗ ಮಾಡಿದವರ ಕುಂಡಲಿ ಕೂತಿರತದ, ವೈನಿ" ಅಂತಿದ್ದ. ನನ್ನ ಕೌದಿಯೊಳಗ ಅವನಿಗೆ ರಾಹು ಕಂಡ. ಇಲಿ ಕಡದ ತೂತಿಗೆ ನಾ ಹಾಕಿದ ತ್ಯಾಪಿ ಅದು.

ಲೀಲಾ ಚಿತ್ರ ಬರಿಯೋದು ಕಾಗದದ ಮ್ಯಾಲ ಅಲ್ಲ. ಆಕಿಯ ಸ್ವಾದರಮಾವ ತಾಂಡೂರಿನಾಗ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನಿಯೊಳಗ ಇದ್ದಾನ. ಒಡಕು ಬಿದ್ದ ಫರಸಿ ತಂದು ತಂದು ಕೊಡತಾನ, ಈಕಿ ಅದರ ಮ್ಯಾಲ ಬರೀತಾಳ. ನಮ್ಮ ಅಂಗಳದಾಗ ಕಾಲಿಡಾಕ ಜಾಗ ಇಲ್ಲ. ಒಂದರ ಮ್ಯಾಲ ಎಮ್ಮಿ, ಒಂದರ ಮ್ಯಾಲ ಜೋಳದ ತೆನಿ, ಒಂದರ ಮ್ಯಾಲ ನಾನು, ಬಾಯಾಗ ಹಲ್ಲಿಲ್ಲದಂಗ. ಇದ್ದದ್ದು ಇದ್ದಂಗ ಬರದಾಳ, ಸಿಟ್ಟು ಮಾಡಿ ಏನು ಮಾಡೋದು! ಇದನ್ನ ನೋಡಿಯೇ ಮಲ್ಲಣ್ಣ ತನ್ನ ಹೊಸ ಮನಿ ಹಾಲಿಗೆ ತನ್ನದೂ ಒಂದು ಮುಖ ಬೇಕಂತ ಫೋಟೋ ಕೊಟ್ಟು ಹೋಗಿದ್ದ.

ಟ್ರಂಕು ತುಂಬಿದ ದಿನ ನನ್ನ ಮಗ ಬಸವರಾಜ "ಅವ್ವಾ, ಕಾಕಾನ ಒಂದು ಮಾತು ಕೇಳೇ ಕಳಸೋಣು" ಅಂದ. ಊರಾಗ ಕಿರಾಣಿ ಅಂಗಡಿ ಇಟ್ಟಾವ, ಎಂಟು ಮಂದಿ ಗಿರಾಕಿ ಒಮ್ಮೆಗೇ ಕೂಗಿದರೂ ಅಂಜಾವಲ್ಲ. ಮಗಳು ಹೈದರಾಬಾದಿನಾಗ ಒಬ್ಬಾಕೇ ಇರತಾಳ ಅನ್ನೋದಕ್ಕ ಒಳಗಿಂದೊಳಗ ನಡಗತಿದ್ದ. ನನಗ ಅಂಜಿಕಿ ಆಗೇದ ಅಂತ ಗಂಡಸು ಬಾಯಿಬಿಟ್ಟು ಹೇಳತಾನೇನ್ರಿ? ಶನಿ ಅಂದರ ಅಂಜಿಕಿಗೂ ಒಂದು ಮರ್ಯಾದಿ ಬರತದ.

ಮಲ್ಲಣ್ಣ ಬಂದ. ಸೊಸಿ ದೇವರ ಜಗಲಿಯಿಂದ ಲೀಲಾನ ಜಾತಕ ತಂದುಕೊಟ್ಟಳು. ಚಹಾ ಕುಡಕೋತ ಅಂಗಳ ನೋಡಿದವನೇ ಕಪ್ಪು ಬಸಿ ಕೆಳಗಿಟ್ಟು ಎದ್ದು ನಿಂತ. ಗ್ವಾಡಿಗೆ ಆನಿಸಿದ ಒಂದು ಫರಸಿ ಮ್ಯಾಲ ಗೆರಿ ಹೊಡೆದು ಚೌಕ ಮಾಡಿತ್ತು. ಸುತ್ತ ಹನ್ನೆರಡು ಮನಿ. ನಡುವ ಬೂದಿ ಬಣ್ಣದ ಮೋಡದಂಥಾದ್ದು ಏನೋ. ಅಲ್ಲೊಂದು ಇಲ್ಲೊಂದು ಮನಿಯಾಗ ಬೆರಳಗಲ ಬಣ್ಣ.

"ಬಸು, ಇಲ್ಲಿ ಬಾ. ಇದು ಚಿತ್ರ ಅಲ್ಲೋ, ಜಾತಕ! ಹುಡುಗಿ ತನಗ ಗೊತ್ತಿಲ್ಲದಂಗ ತನ್ನ ಕುಂಡಲಿನೇ ಬರದಾಳ!"

ಕರೀ ಬಣ್ಣ ಶನಿ ಅಂದ, ಕೆಂಪು ಕುಜ ಅಂದ. ಜಾತಕದಾಗ ಶನಿ ಏಳನೇ ಮನಿಯಾಗಿದ್ದ. ಫರಸಿ ಮ್ಯಾಲ ಎಣಿಸಿದ, ಕರಿ ಬಣ್ಣ ಆರಕ್ಕ ಬಂತು. ಕೆಮ್ಮಿದ. ಒಂದು ಮನಿ ಹಿಂದಿನಿಂದ ಎಣಿಸಿದ. ಏಳು! ಬಸವರಾಜನ ಕೈ ತಾವಾಗೇ ಕೂಡಿದವು.

"ಹೊಸಲು ದಾಟಿಸಬ್ಯಾಡ. ದೂರ ಹೋದರ ಕೈ ಮೀರತಾಳ. ಈ ವರ್ಷ ಬಿಡು, ಮುಂದ ನೋಡೋಣು."

"ಆತು ಕಾಕಾ" ಅಂದ ನನ್ನ ಮಗ, ಹಗುರಾದವನಂಗ.

ಮುಂದಿನ ವರ್ಷ ಸೀಟು ಇವರಪ್ಪ ಇಟ್ಟುಕೊಂಡು ಕೂತಿರತಾನೇನು? ಲೀಲಾ ಟ್ರಂಕಿನ ಮ್ಯಾಲ ಕೂತಿದ್ದಳು. ಅಳಲಿಲ್ಲ. ಎದ್ದು ಬಂದು ಸಣ್ಣ ದನಿಯಾಗ ಅಂದಳು: "ಸಣ್ಣಜ್ಜಾ, ಅದು ತಲಿಕೆಳಗ ನಿಂತದರಿ."

ಅಂದವಳೇ ಫರಸಿ ತಿರುವಿ ಇಟ್ಟಳು. ನಡುವಿನ ಮೋಡಕ್ಕ ಕಿವಿ ಬಂತು, ಗದ್ದ ಬಂತು. ಅದರ ನಡುವ ಎರಡೂ ಕಡೆ ಚೂಪಾದ ಮೀಸಿ ಬಂತು. ಝರಾಸಂಗಂದಿಂದ ನಾರಾಯಣಖೇಡದ ತನಕ ಹುಡುಕಿದರೂ ಅಂಥಾ ಮೀಸಿ ಒಂದೇ, ಅದು ನಮ್ಮ ಮಲ್ಲಣ್ಣಂದು.

ಲೀಲಾ ಅವನೇ ಕೊಟ್ಟ ಫೋಟೋ ತಂದು ತೋರಿಸಿದಳು. ಅದರ ಮ್ಯಾಲೂ ಪೆನ್ಸಿಲಿನ ಚೌಕ. ಸಣ್ಣ ಮುಖ ದೊಡ್ಡದು ಮಾಡಾಕ ಹಂಗ ಗೆರಿ ಹೊಡೀತಾರಂತ, ಒಂದೊಂದು ಮನಿ ನೋಡಿ ಒಂದೊಂದು ಮನಿ ತುಂಬತಾರಂತ. ತಲಿಕೆಳಗ ಇಟ್ಟರ ಇವರು ಯಾರು ಅನ್ನೋದು ಮರತು ಗೆರಿ ಅಷ್ಟೇ ಕಾಣತದಂತ. ನಡುವಿನ ಗೆರಿ ಬಣ್ಣದ ಕೆಳಗ ಮುಚ್ಚಿ, ಸುತ್ತಲಿನ ಹನ್ನೆರಡು ಉಳದಿದ್ದವು.

"ಆ ಕೆಂಪು?" ಮಲ್ಲಣ್ಣನ ದನಿ ಇಳಿದಿತ್ತು.

"ನೀವು ಎಲಿ ಅಡಿಕಿ ಹಾಕತೀರಲ್ರಿ, ತುಟಿಗೆ ಕಲಸಿದ ಬಣ್ಣ ಬದೀಗೆ ಹಚ್ಚಿ ನೋಡಿದ್ದು."

"ಕರಿ?"

ಲೀಲಾ ನೆಲ ನೋಡಿದಳು. ಹಿರಿಯರ ಮುಂದ ಹೇಳಾಕ ನಾಚಿಕಿ. ನನಗೆಲ್ಲಿ ನಾಚಿಕಿ! ಇವನ ಮೂಗು ಒರಸಿ ಬೆಳಸಿದಾಕಿ ನಾ.

"ಮೀಸಿದು ಮಲ್ಲಣ್ಣ. ದೇವರು ಕೊಟ್ಟ ಕೂದಲದಾಗ ಅಂಥಾ ಕರಿ ಸಿಗೂದಿಲ್ಲ, ಅದಕ್ಕ ಪಾಪ ಬ್ಯಾರೆ ಕಲಸ್ಯಾಳ."

"ವೈನಿ, ಮುಖ ಯಾರದೇ ಇರಲಿ, ಬರದಾಕಿ ಗ್ರಹ ಅದರಾಗ..."

"ಹಂಗಿದ್ರ ಚಲೋ ಆತಲ್ಲೋ! ನಾಳೆಯಿಂದ ಮೀಸಿಗೆ ಬಣ್ಣ ಹಚ್ಚೂದು ಬಿಡು. ಹುಡುಗಿ ಬಿಳಿ ಹಚ್ಚತಾಳ. ಆಕಿ ಶನಿ ಸಂಜಿ ಬಸ್ಸಿಗೇ ಹೋಗತಾನ."

ಮೊದಲು ನಕ್ಕಾವ ಬಸವರಾಜ. ಕಾಕಾನ ಮುಂದ ಎಂದೂ ನಗದಾವ, ಕಣ್ಣಾಗ ನೀರು ಬರೋಹಂಗ ನಕ್ಕ. ಆಮ್ಯಾಲ ಆ ನೀರು ನಿಲ್ಲಲೇ ಇಲ್ಲ. "ಒಬ್ಬಾಕೇ ಹೆಂಗಿರತೀ ಮಗಳೇ" ಅಂದ. ಅಷ್ಟು ದಿನ ಶನಿಯ ಹಿಂದ ಬಚ್ಚಿಟ್ಟಿದ್ದ ಮಾತು ಅಂತೂ ಹೊರಗ ಬಂತು. "ಹಾಸ್ಟೆಲಿನಾಗ ಇರತೀನಿ ಅಪ್ಪಾ, ನೀ ಬಂದು ನೋಡಿ ಬಿಟ್ಟು ಬಾ" ಅಂದಳು. ಮರುದಿನ ಹೋಗಿ ನೋಡಿ ಬಿಟ್ಟು ಬಂದ. ಚಿತ್ರ ಇವತ್ತಿಗೂ ಮಲ್ಲಣ್ಣನ ಹಾಲಿನಾಗ ಅದ. ಬಂದವರಿಗೆಲ್ಲ ಅದರಾಗ ಗುರುಬಲ ತೋರಸತಾನ.

ಲೀಲಾ ಇವತ್ತ ಮತ್ತ ಹೊರಟಳು. ಬಸ್ಸು ಬರೋ ಹೊತ್ತಿಗೆ ಸೊಸಿ ಕ್ಯಾಲೆಂಡರ್ ಮುಂದ ನಿಂತು, "ಅತ್ತಿ, ರಾಹುಕಾಲ ನಡದದರಿ, ಮುಂದಿನ ಬಸ್ಸಿಗೆ ಹೋಗಲಿ" ಅಂದಳು. ಇಷ್ಟು ಹೊತ್ತು ಮಲ್ಲಣ್ಣನ ಮ್ಯಾಲ ನಕ್ಕಾಕಿ, ಸುಳ್ಳು ಯಾಕ ಹೇಳಲಿ, ನನ್ನ ಎದಿನೂ ಡವ್ ಅಂತು. ಮುಂದಿನ ಬಸ್ಸು ಹಿಡಿದರ ಆಕಿ ಮುಟ್ಟೋದ್ರಾಗ ಕತ್ತಲಾಗತದ. ಕತ್ತಲಾಗ ಇಳಿಯೋದು ರಾಹು ಅಲ್ಲ, ನನ್ನ ಮೊಮ್ಮಗಳು. ನಾನೇ ಆಕಿಯ ಚೀಲ ಹೆಗಲಿಗೇರಿಸಿ ಮೊದಲು ಹೊಸಲು ದಾಟಿದೆ. "ನಡಿಯವ್ವಾ" ಅಂದೆ, "ಕಂಡಕ್ಟರಿಗೆ ನೀ ಏನು ಓದತೀ ಅಂತ ಹೇಳೋದದ ನನಗ."