ಆರು ಮಾತ್ರೆಯಲ್ಲಿ ಮೂರು

ಬೆಳಗಿನ ಹೊತ್ತು ನಮ್ಮಮ್ಮನ ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಎದ್ದು ಒಂದು ಗಂಟೆಯಾದರೂ ಲೋಟ ಹಿಡಿಸಲು, ಸೀರೆಯ ನೆರಿಗೆ ಸಿಕ್ಕಿಸಲು ನಾನೇ ಬೇಕು. ಎಪ್ಪತ್ತು ದಾಟಿದ ಮೇಲೆ ಬಂದ ನೋವು, ವಯಸ್ಸಿನದೇ ಇರಬೇಕು ಎಂದುಕೊಂಡು ಎಣ್ಣೆ ತಿಕ್ಕಿ ಒಂದು ವರ್ಷ ಕಳೆದೆವು. ಕೊನೆಗೆ ರೈಲು ಹತ್ತಿಸಿ ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಗೆಣ್ಣುಗಳನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ಸವೆತದ ನೋವಲ್ಲ, ರುಮಟಾಯ್ಡ್ ಸಂಧಿವಾತ ಎಂದರು. ವಾರಕ್ಕೊಂದೇ ದಿನ, ಶುಕ್ರವಾರ, ಆರು ಸಣ್ಣ ಹಳದಿ ಮಾತ್ರೆ. ಮರೆತು ದಿನಾ ನುಂಗಿದರೆ ಜೀವಕ್ಕೇ ಕುತ್ತು, ನುಂಗದೆ ಬಿಟ್ಟರೆ ಬೆರಳುಗಳು ಸೊಟ್ಟಗಾಗಿ ಹಾಗೇ ಉಳಿದುಬಿಡುತ್ತವೆ ಎಂದು ಎರಡು ಸಲ ಹೇಳಿ ಕಳಿಸಿದರು.

ನಾನು ಹೇಳಿಕೇಳಿ ಕಟ್ಟುನಿಟ್ಟಿನವಳು. ರಾಬರ್ಟ್‌ಸನ್‌ಪೇಟೆಯ ಟೈಲರ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಅಳತೆ ತಪ್ಪದೆ ಹೊಲಿಯುತ್ತಿದ್ದೇನೆ. ಮಾತ್ರೆಯ ಡಬ್ಬಿ ನನ್ನ ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಶುಕ್ರವಾರ ಬೆಳಗ್ಗೆ ಆರು ಮಾತ್ರೆ ತಟ್ಟೆಗೆ ಹಾಕಿ ಕೊಟ್ಟರೆ ಅಮ್ಮ ಮೂರನ್ನು ನನ್ನೆದುರೇ ನುಂಗುವಳು. ಒಟ್ಟಿಗೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಉಳಿದ ಮೂರು ಊಟವಾದ ಮೇಲೆ ಎನ್ನುವಳು. ಸರಿ ಎಂದು ನಾನು ಕೆಲಸಕ್ಕೆ ಹೋಗುತ್ತಿದ್ದೆ. ನಾಲ್ಕು ತಿಂಗಳಾದರೂ ಊತ ಇಳಿಯಲಿಲ್ಲ. ಮಾತ್ರೆ ಸರಿಯಾಗಿ ಕೊಡುತ್ತಿದ್ದೀರಾ ಎಂದು ಡಾಕ್ಟರಮ್ಮ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ಒಂದು ಶುಕ್ರವಾರ ಅಂಗಡಿಯಲ್ಲಿ ಕರೆಂಟಿಲ್ಲದೆ ಮಧ್ಯಾಹ್ನವೇ ಉರಿಗಾಂನ ಮನೆಗೆ ವಾಪಸು ಬಂದೆ. ನಮ್ಮದು ಚಿನ್ನದ ಗಣಿ ಕೆಲಸದವರ ಹಳೇ ಲೈನ್ ಮನೆ. ಅಡುಗೆಮನೆಯ ಮೂಲೆಯಲ್ಲಿ, ಗೋಡೆಯೂ ನೆಲವೂ ಕೂಡುವಲ್ಲಿ, ಒಂದು ಬಿರುಕಿದೆ. ಅಪ್ಪ ಹೋದ ದಿನ ಬಿದ್ದದ್ದು. ಆ ದಿನ ಕೆಳಗೆ ಗಣಿಯ ಸುರಂಗದಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆಗಳೆಲ್ಲ ಉರುಳಿದವು. ಅಪ್ಪ ಮೇಲೆ ಬರಲೇ ಇಲ್ಲ, ಹೆಣವೂ ಸಿಗಲಿಲ್ಲ. ಎಷ್ಟೋ ವರ್ಷದ ಮೇಲೆ ಗಣಿ ಮುಚ್ಚಿತು, ಪಂಪು ನಿಂತು ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಆ ಬಿರುಕಿಗೆ ನಾನು ಹಾಕಿಸಿದ ಸಿಮೆಂಟು ಒಂದು ಮಳೆಗಾಲವೂ ನಿಲ್ಲಲಿಲ್ಲ.

ಅಮ್ಮ ಆ ಮೂಲೆಗೆ ಮುಖ ಮಾಡಿ ಕೂತಿದ್ದಳು. ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈಗಳ ನಡುವೆ ಪೊರಕೆಕಡ್ಡಿ ಸಿಕ್ಕಿಸಿಕೊಂಡು, ಹಳದಿ ಮಾತ್ರೆಯೊಂದನ್ನು ಬಿರುಕಿನೊಳಗೆ ತಳ್ಳುತ್ತಿದ್ದಳು.

“ನೀರು ಅಲ್ಲೇ ಐತಲ್ಲ, ನುಂಗ್ಬುಡಿ,” ಅಂದಳು, ಗೋಡೆಗೆ.

ನನಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ತಿಂಗಳು ಅರ್ಧ ಔಷಧಿ ಮಣ್ಣುಪಾಲು ಮಾಡಿದ್ದಾಳೆ, ಬೆರಳು ಸೊಟ್ಟಗಾದರೆ ಗತಿಯೇನು ಎಂದು ಕೂಗಾಡಿದೆ. ಅಮ್ಮ ಕೂಗು ಮುಗಿಯುವವರೆಗೆ ಕಾದಳು. ಆಮೇಲೆ, ನಿಮ್ಮಪ್ಪ ಪಾಳಿ ಮುಗಿಸಿ ಬಂದರೆ ಬಾಗಿಲು ತಟ್ಟುತ್ತಿದ್ದ ರೀತಿ ನೆನಪಿದೆಯಾ ಎಂದು ಕೇಳಿದಳು. ಮರೆಯುವುದು ಹೇಗೆ? ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಈಚೀಚೆಗೆ ಬೆಳಗ್ಗೆ, ಅವಳ ಕೈ ಬಿಗಿದುಕೊಂಡಿರುವ ಹೊತ್ತಿಗೇ, ಬಿರುಕಿನ ಕೆಳಗಿನಿಂದ ಸವರುವ ಸದ್ದು ಬರುತ್ತದಂತೆ.

“ತಟ್ಟಾಕೆ ಮುಷ್ಟಿ ಕಟ್ಬೇಕಲ್ಲ, ಅವ್ರಿಗೆ ಆಗ್ತಿಲ್ಲ. ಅಷ್ಟು ವರ್ಸ ತಣ್ಣೀರಾಗೆ ಇದ್ರೆ ಅವ್ರ ಕೈನೂ ನನ್ ಕೈನಂಗೇ ಆಗಿರ್ತದೆ ಕಣಮ್ಮ.”

ಆ ಸದ್ದು ನಾನೂ ಕೇಳಿದ್ದೆ. ಹೆಗ್ಗಣ ಎಂದುಕೊಂಡು ಅದೇ ಬಿರುಕಿಗೆ ಪಾಷಾಣ ಇಟ್ಟಿದ್ದೆ. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಜಗಳದಿಂದ ಪ್ರಯೋಜನವಿಲ್ಲ ಎಂದು ರಾಜಿಗೆ ಬಂದೆ. ಅವಳ ಆರನ್ನೂ ಅವಳೇ ನುಂಗಬೇಕು, ಅಪ್ಪನಿಗೆ ನಾನು ಬೇರೆ ಆರು ತರುತ್ತೇನೆ. ತಂದದ್ದು ಹಳದಿ ಬಣ್ಣದ ವಿಟಮಿನ್ ಮಾತ್ರೆ. ಸತ್ತವರಿಗೆ ಯಾವುದಾದರೇನು ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಅಮ್ಮ ಪ್ರತಿ ಶುಕ್ರವಾರ ನನ್ನೆದುರೇ ತನ್ನ ಆರು ನುಂಗಿ, ಅಪ್ಪನ ಆರನ್ನು ಕಡ್ಡಿಯಲ್ಲಿ ತಳ್ಳಿದಳು.

ಮೂರು ತಿಂಗಳಲ್ಲಿ ಊತ ಇಳಿಯಿತು. ತಿಂಗಳಿಗೊಮ್ಮೆ ಮಾಡಿಸುತ್ತಿದ್ದ ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರಮ್ಮ ಮೊದಲ ಸಲ ನಕ್ಕರು. ಅಮ್ಮ ತಾನೇ ಜಡೆ ಹೆಣೆದುಕೊಂಡ ದಿನ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆ ವಾರವೇ ಒಂದು ಬೆಳಗ್ಗೆ ನಾನು ಕಾಫಿ ಕಾಯಿಸುತ್ತಿದ್ದೆ. ಅಮ್ಮ ಮೂಲೆಯಲ್ಲಿ ಕೂತು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಪೂರ್ತಿ ಮುಷ್ಟಿ. ವರ್ಷದ ಮೇಲಾಗಿತ್ತು ಅದನ್ನು ನೋಡಿ. ಆ ಮುಷ್ಟಿಯಿಂದ ಗೋಡೆ ತಟ್ಟಿದಳು. ಎರಡು ಸಲ, ತಡೆದು ಇನ್ನೊಂದು ಸಲ. ನಾನು ಒಲೆ ಆರಿಸಿದೆ. ಯಾಕೆ ಆರಿಸಿದೆನೋ ಗೊತ್ತಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಂತು, ಪಕ್ಕದ ಮನೆಯಿಂದಲ್ಲ, ಕೆಳಗಿನಿಂದ, ಬಿಚ್ಚಿದ ಅಂಗೈಯಿಂದ ಕಲ್ಲು ಸವರಿದ ಸದ್ದು. ಎರಡು ಸಲ. ತಡೆದು ಇನ್ನೊಂದು ಸಲ.

ಹೆಗ್ಗಣಕ್ಕೆ ಎಣಿಸಲು ಬರುವುದಿಲ್ಲ.

“ಇಬ್ರಿಗೂ ಒಂದೇ ಮಾತ್ರೆ ತಾನೇ? ನಂಗೆ ವಾಸಿ ಆಯ್ತು, ಅವ್ರಿಗ್ಯಾಕೆ ಆಗ್ಲಿಲ್ಲ?” ಎಂದಳು ಅಮ್ಮ. ನನ್ನನ್ನು ದೂರಲಿಲ್ಲ, ಕೇಳಿದಳಷ್ಟೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಶುಕ್ರವಾರ ರಾಬರ್ಟ್‌ಸನ್‌ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಹನ್ನೆರಡು ಮಾತ್ರೆ ಕೇಳಿದೆ. ಚೀಟಿಯಲ್ಲಿ ಆರೇ ಇದೆಯಲ್ಲ, ಇನ್ನಾರು ಯಾರಿಗೆ ಎಂದ ಅಂಗಡಿಯವನು. ನಮ್ಮಪ್ಪನಿಗೆ ಎಂದೆ. ರಕ್ತ ಪರೀಕ್ಷೆ ಆಗದೆ ಇದನ್ನು ಯಾರಿಗೂ ಕೊಡುವಂತಿಲ್ಲ, ಅವರನ್ನೂ ಒಂದು ಸಲ ಡಾಕ್ಟರ ಹತ್ತಿರ ಕರೆತನ್ನಿ ಎಂದ. ಅವನು ಹೇಳಿದ್ದು ಸರಿಯೇ. ಆದರೂ ನಾನು ಕೌಂಟರ್ ಬಿಟ್ಟು ಕದಲಲಿಲ್ಲ.

“ಕೈ ಒಂದು ಸರಿಹೋಗ್ಲಿ, ಅವ್ರೇ ಬತ್ತಾರೆ,” ಅಂದೆ.