ಐನಾರ್ ಕಟ್ಟಿದ ಗಂಟು

ಹೋದ ಜನವರಿಯಲ್ಲಿ ಐನಾರ್ ಬ್ರೆಕ್ಕೆ ತನ್ನ ಮನೆಮುಂದಿನ ಹಿಮ ಎತ್ತಿಹಾಕುತ್ತಿದ್ದಾಗ ಸಲಿಕೆಯ ಮೇಲೆಯೇ ಕುಸಿದು ತೀರಿಕೊಂಡ. ಅರವತ್ತೆಂಟು ವರ್ಷವಾಗಿತ್ತು. ಅದರಲ್ಲಿ ನಲವತ್ತೊಂದು ವಸಂತಗಳನ್ನು ಕೆಸಿಕ್ ನದಿಯಲ್ಲಿ, ಗಾಳ ಹಾಕಲು ಬರುವವರಿಗೆ ದಾರಿ ತೋರಿಸುತ್ತ ಕಳೆದಿದ್ದ. ಮಣ್ಣು ಕೊಟ್ಟ ದಿನ ಮಾತಾಡಿದವರೆಲ್ಲ ಅವನು ಹಿಡಿಸಿಕೊಟ್ಟ ಮೀನುಗಳನ್ನು ನೆನೆಸಿಕೊಂಡರು. ತಪ್ಪಿಹೋದ ಒಂದು ಮೀನಿನ ವಿಷಯ ಯಾರೂ ಎತ್ತಲಿಲ್ಲ. ಐನಾರ್ ಎಂಥವನಾಗಿದ್ದ ಎಂದು ತಿಳಿಯಬೇಕಾದರೆ ಆ ಮೀನಿನ ಕಥೆಯೇ ಬೇಕು.

ಅದು ಶುರುವಾದದ್ದು ಆ ಮೀನು ತಪ್ಪಿದ ವಸಂತಕ್ಕೂ ಹಿಂದಿನ ಶರತ್ಕಾಲದಲ್ಲಿ, ಗಾಳದವರು ತಂಗುವ ಲಾಡ್ಜ್‌ನ ಅಡುಗೆಮನೆಯಲ್ಲಿ. ಐನಾರ್ ನೆನೆದು ಬಂದು ಸೌದೆ ಒಲೆಯ ಪಕ್ಕ ನಿಂತು, ಒಂದು ಕೈಯಲ್ಲಿ ಕಾಫಿ ಹಿಡಿದು, ಇನ್ನೊಂದು ಕೈಯನ್ನು ಒಲೆಗೆ ಆನಿಸಿ, ಮಾರನೆಯ ದಿನದ ನೀರಿನ ಬಗ್ಗೆ ಏನೋ ಹೇಳುತ್ತಿದ್ದ. ಲಾಡ್ಜ್‌ನ ಒಡತಿ ಲೋಯಿಸ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

"ಐನಾರ್, ಕೈ ತೆಗಿ."

"ಯಾಕೆ?"

"ಸುಡ್ತಾ ಇದೆ ಕಣೋ. ವಾಸನೆ ಬರ್ತಿಲ್ವಾ ನಿಂಗೆ?"

ಅವನು ಕೈ ಎತ್ತಿ ನೋಡಿದ. ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ಬೊಬ್ಬೆ ಏಳುತ್ತಿತ್ತು. ಬೇರೆ ಯಾರದೋ ಕೈ ನೋಡುವ ಹಾಗೆ ಅದನ್ನು ನೋಡುತ್ತ ನಿಂತ. ಲೋಯಿಸ್ ಬೋಗುಣಿಯಲ್ಲಿ ತಣ್ಣೀರು ತಂದು ಆ ಕೈಯನ್ನು ಅದರೊಳಗೆ ಒತ್ತಿ ಹಿಡಿದಳು. ಇಪ್ಪತ್ತು ವರ್ಷ ಜತೆಗೆ ದುಡಿದ ಹೆಂಗಸು. ಬಯ್ಯಲಿಲ್ಲ, ಮರುಗಲೂ ಇಲ್ಲ.

"ನಾನು ಪರೀಕ್ಷೆಗಿರೀಕ್ಷೆ ಮಾಡಲ್ಲ. ನಿನ್ನ ಕೈ ನಿಂಗೆ ಗೊತ್ತು. ಇನ್ನಾಗಲ್ಲ ಅಂತ ಅನ್ನಿಸಿದ ದಿನ ನೀನೇ ಬಂದು ಹೇಳು. ಆದ್ರೆ ಯಾರಾದ್ರೂ ಅದಕ್ಕೆ ಬೆಲೆ ತೆರೋ ಮುಂಚೆ ಹೇಳು, ಅಷ್ಟೇ."

"ಹೇಳ್ತೀನಿ," ಅಂದ ಐನಾರ್.

ಹೇಳಲಿಲ್ಲ. ಆ ಚಳಿಗಾಲವೆಲ್ಲ ಕಿಟಕಿಯ ಪಕ್ಕ ಕೂತು ನೈಲಾನ್ ದಾರದ ತುದಿಗೆ ಗಾಳ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು, ಇದೇ ಆಯಿತು. ಬೆಚ್ಚಗಿದ್ದಾಗ ಬೆರಳುಗಳಿಗೆ ಒಂದಿಷ್ಟು ಜೀವ ಬರುತ್ತಿತ್ತು. ತಣ್ಣಗಾದರೆ ಮರದ ಚೂರುಗಳು. ನಿಜ ಹೇಳಬೇಕೆಂದರೆ ಅವನಿಗೆ ಸಾಕಾಗಿತ್ತು. ಬೆಳಗಿನ ಐದು ಗಂಟೆ ಸಾಕಾಗಿತ್ತು, ಒದ್ದೆ ಹಗ್ಗ ಸಾಕಾಗಿತ್ತು, ಮಂಡಿಯೊಳಗಿನ ನೋವು ಸಾಕಾಗಿತ್ತು. ಆದರೆ ಏಪ್ರಿಲ್ ತಿಂಗಳಲ್ಲಿ ನದಿಯ ಮೇಲಿಲ್ಲದೆ ಇನ್ನೆಲ್ಲಿರಬೇಕು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಹಾಗಾಗಿ ಏಪ್ರಿಲ್ ಬಂದಾಗ ಒಂದು ಉಪಾಯ ಮಾಡಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಒಲೆಯ ಮುಂದೆ ಕೈ ಕಾಯಿಸಿಕೊಂಡು, ಆ ದಿನಕ್ಕೆ ಬೇಕಾದ ಗಾಳಗಳನ್ನೆಲ್ಲ ಗೇಣುದ್ದದ ದಾರಗಳಿಗೆ ಮುಂಚೆಯೇ ಕಟ್ಟಿ ಒಂದು ರಟ್ಟಿಗೆ ಸುತ್ತಿಡುತ್ತಿದ್ದ. ನದಿಯಲ್ಲಿ ಕುಣಿಕೆಗೆ ಕುಣಿಕೆ ಸಿಕ್ಕಿಸಿದರೆ ಮುಗಿಯಿತು. ಒಂದು ವಾರ ಯಾರಿಗೂ ಗೊತ್ತಾಗಲಿಲ್ಲ.

ಎರಡನೆಯ ವಾರ ಓರೆಸ್ಟ್ ಪ್ರೊಕೊಪ್ ಬಂದ. ಬಯಲುಸೀಮೆಯಾದ ಸಸ್ಕಾಚೆವಾನ್‌ನವನು, ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತನಾದವನು. ಅವನಿಗೆ ಎಪ್ಪತ್ತು ದಾಟಿತ್ತು. ಅವನು ಇಲ್ಲಿಗೆ ಬಂದದ್ದು ಇದು ಮೂರನೆಯ ವಸಂತ. ಹಿಂದಿನ ಎರಡು ಸಲವೂ ಐನಾರನ ದೋಣಿಯಲ್ಲೇ ಹೋಗಿ ಆರಾರು ದಿನ ಗಾಳ ಬೀಸಿದ್ದರೂ ಒಂದೂ ಸ್ಟೀಲ್‌ಹೆಡ್ ಅವನ ಕೈಗೆ ಬಂದಿರಲಿಲ್ಲ. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೆ ಹತ್ತಿ ಬರುವ ಮೀನು ಅದು. ನದಿಗೆ ಬಂದ ಮೇಲೆ ಹೊಟ್ಟೆಗಾಗಿ ಬಾಯಿ ಹಾಕುವುದು ಕಡಿಮೆ. ಸಿಟ್ಟಿಗೋ ಕುತೂಹಲಕ್ಕೋ ಯಾವಾಗಲೋ ಒಮ್ಮೆ ಗಾಳ ಕಚ್ಚುತ್ತದೆ. ಅದನ್ನು ಕೊಲ್ಲುವ ಹಾಗಿಲ್ಲ. ಹಿಡಿದು, ನೀರಿನಿಂದ ಎತ್ತದೆಯೇ ಬಿಟ್ಟುಬಿಡಬೇಕು.

"ಜೂನ್‌ನಲ್ಲಿ ಸೊಂಟದ ಆಪರೇಷನ್," ಅಂದ ಓರೆಸ್ಟ್, ದೋಣಿ ಹತ್ತುತ್ತ. "ಆಮೇಲೆ ಈ ಕಲ್ಲುಗಳ ಮೇಲೆ ನಿಲ್ಲೋಕೆ ಡಾಕ್ಟ್ರು ಬಿಡಲ್ವಂತೆ. ಈ ಸಲ ಏನಾದ್ರೂ ಮಾಡು ಮಾರಾಯ."

"ಮೀನಿಗೆ ಹೇಳು. ನಂಗೇನು ಹೇಳ್ತೀಯಾ."

ನಾಲ್ಕು ದಿನ ಏನೂ ಇಲ್ಲ. ಹಿಮ ಕರಗಿ ನೀರು ದಿನಕ್ಕೊಂದು ಬಣ್ಣವಾಗುತ್ತಿತ್ತು. ಬೀಸು, ದಾರ ಕಮಾನಿನಂತೆ ಬಾಗಿ ದಡಕ್ಕೆ ಬರುವವರೆಗೆ ಕಾಯಿ, ಎರಡು ಹೆಜ್ಜೆ ಕೆಳಕ್ಕೆ ಇಡು, ಮತ್ತೆ ಬೀಸು. ಐನಾರ್ ಅವನ ಪಕ್ಕ ಸೊಂಟದವರೆಗೆ ನೀರಿನಲ್ಲಿ ನಿಂತು, ಜಾರದಂತೆ ಅವನ ಬೆಲ್ಟ್ ಹಿಡಿದುಕೊಂಡಿರುತ್ತಿದ್ದ. ಇಬ್ಬರು ಮುದುಕರು ಒಬ್ಬರಿಗೊಬ್ಬರು ಊರುಗೋಲು.

ಐದನೆಯ ದಿನ ಮಧ್ಯಾಹ್ನ ನೀರಿನಡಿಯ ಮರದ ಬೊಡ್ಡೆಯೊಂದು ಮೂರು ಗಾಳಗಳನ್ನು ನುಂಗಿತು. ರಟ್ಟು ಖಾಲಿಯಾಯಿತು. ಅದೇ ಹೊತ್ತಿಗೆ ಮಡುವಿನ ಕೊನೆಯಲ್ಲಿ, ನಲವತ್ತು ಮೊಳ ಆಚೆ, ಅಗಲವಾದ ಬೆಳ್ಳಿಯ ಬೆನ್ನೊಂದು ನೀರು ಸೀಳಿ ಮುಳುಗಿತು.

"ಕಂಡ್ಯಾ?" ಅಂದ ಓರೆಸ್ಟ್, ಉಸಿರು ಬಿಡದೆ.

ಐನಾರ್ ಆಗಲೇ ಡಬ್ಬಿ ತೆರೆದು ಕಿತ್ತಳೆ ಗರಿಯ ಗಾಳವೊಂದನ್ನು ತೆಗೆದಿದ್ದ. ಬೆಳಗಿನಿಂದ ನೀರಿನಲ್ಲಿದ್ದ ಕೈ.

"ನಾನು ಕಟ್ಲಾ? ನಿಂಗೆ ಚಳಿ ಹಿಡಿದಿದೆ," ಅಂದ ಓರೆಸ್ಟ್.

"ಅದು ನನ್ನ ಕೆಲಸ."

ಐದು ಸುತ್ತು ಸುತ್ತಿದ, ತುದಿಯನ್ನು ಕುಣಿಕೆಯೊಳಗೆ ತೂರಿಸಿದ, ಬಾಯಲ್ಲಿಟ್ಟು ಉಗುಳಿನಿಂದ ಒದ್ದೆ ಮಾಡಿ ಎಳೆದ. ಗಂಟು ಜಾರಿ ಕೂತ ಕ್ಷಣ ಬೆರಳಿಗೆ ಒಂದು ಸಣ್ಣ ಅರಿವು ಸಿಗಬೇಕು. ಏನೂ ಸಿಗಲಿಲ್ಲ. ಪ್ರತಿಯೊಂದು ಗಂಟನ್ನೂ ಅಂಗಿಯ ಗುಂಡಿಗೆ ಸಿಕ್ಕಿಸಿ ಎರಡು ಸಲ ಜಗ್ಗಿ ನೋಡುವುದು ಅವನ ಪದ್ಧತಿ. ಆ ದಿನ ಜಗ್ಗಲಿಲ್ಲ. ಮೀನು ಇನ್ನೊಮ್ಮೆ ಹೊರಳಿತ್ತು, ಓರೆಸ್ಟ್‌ನ ಕೋಲು ಆಗಲೇ ಮೇಲೆದ್ದಿತ್ತು. "ಬೀಸು," ಅಂದ ಐನಾರ್.

ಮೂರನೆಯ ಬೀಸಿಗೆ ಕಚ್ಚಿತು. ರೀಲು ಕಿರುಚಿತು, ಕೋಲು ಹಿಡಿಯವರೆಗೆ ಬಾಗಿತು, ಮೀನು ಎರಡು ಸಲ ಆಳೆತ್ತರ ಹಾರಿತು. ಓರೆಸ್ಟ್ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಕಲಿಸಿದ್ದನ್ನೆಲ್ಲ ಮಾಡಿದ. ಹತ್ತು ನಿಮಿಷದ ಮೇಲೆ, ಇನ್ನೇನು ದಡದ ಕಲ್ಲುಗಳ ಹತ್ತಿರ ಬಂತು ಅನ್ನುವಾಗ ದಾರ ಸಡಿಲವಾಯಿತು.

ಐನಾರ್ ದಾರವನ್ನು ಎಳೆದುಕೊಂಡು ತುದಿ ನೋಡಿದ. ಮೀನು ಕಡಿದುಕೊಂಡು ಹೋದರೆ ತುದಿ ನೇರವಾಗಿ ತುಂಡಾಗಿರುತ್ತದೆ. ಇದು ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಗಂಟು ಬಿಚ್ಚಿದರೆ ಮಾತ್ರ ಹಾಗಾಗುವುದು. ಆ ನದಿಯ ಯಾವ ಗೈಡ್‌ಗಾದರೂ ಒಂದೇ ನೋಟಕ್ಕೆ ಗೊತ್ತಾಗುವ ಗುರುತು. ಓರೆಸ್ಟ್‌ಗೆ ಗೊತ್ತಿರಲಿಲ್ಲ.

"ನಾನು ಜಾಸ್ತಿ ಬಿಗಿ ಹಿಡಿದೆ ಅಲ್ವಾ?" ಅಂದ ಓರೆಸ್ಟ್.

ಐನಾರ್ ಕತ್ತರಿಯಿಂದ ಆ ಸುರುಳಿಯನ್ನು ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. "ದೊಡ್ಡ ಮೀನು," ಅಂದ. ಅಷ್ಟೇ ಅಂದ. ಮೋಟಾರು ಹಚ್ಚಿ ದೋಣಿಯನ್ನು ಲಾಡ್ಜ್ ಕಡೆ ತಿರುಗಿಸಿದ.

ಊಟಕ್ಕೆ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸದ ಸಾರು, ದಪ್ಪ ರೊಟ್ಟಿ. ಉದ್ದ ಮೇಜಿನ ಸುತ್ತ ಆರು ಜನ ಅತಿಥಿಗಳು. ಕೊನೆಯಲ್ಲಿ ಇನ್ನೊಂದು ದೋಣಿಯ ಗೈಡ್ ವರ್ನಾ ಅಜಾಕ್. ಕೆಳಗಿನ ಕಣಿವೆಯ ನಿಸ್ಗಾ ಬುಡಕಟ್ಟಿನ ಹೆಂಗಸು. ಅವಳ ತಾತ ಮುತ್ತಾತಂದಿರೆಲ್ಲ ಈ ನದಿಯಲ್ಲಿ ಮೀನು ಹಿಡಿದವರು, ಬಿಟ್ಟುಬಿಡಲು ಹಿಡಿಯುವವರನ್ನು ಕಂಡರೆ ಅವಳಿಗೆ ಇವತ್ತಿಗೂ ನಗು.

ಸುದ್ದಿ ಆಗಲೇ ಹರಡಿತ್ತು. ಕ್ಯಾಲ್ಗರಿಯ ಹಲ್ಲಿನ ಡಾಕ್ಟರೊಬ್ಬರು ರೊಟ್ಟಿ ಮುರಿಯುತ್ತ, "ಏನ್ ಓರೆಸ್ಟ್, ಮೀನನ್ನ ರೈಲು ಅಂದ್ಕೊಂಡ್ರಾ? ಕೆಂಪು ಬಾವುಟ ತೋರಿಸಿದ್ರೆ ನಿಲ್ಲುತ್ತೆ ಅಂತ?" ಅಂದರು.

ಎಲ್ಲರೂ ನಕ್ಕರು. ಓರೆಸ್ಟ್ ಕೂಡ ನಕ್ಕ. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೋರಲು ಹಾಕಿ ನೋಡಿದ.

"ನಲವತ್ತು ವರ್ಷ ಸನ್ನೆಕೋಲು ಎಳೆದ ಕೈ ಇವು. ನಾಜೂಕು ಅನ್ನೋದೇ ಇಲ್ಲ. ನಮ್ಮನೆಯೋಳು ಹೇಳ್ತಾನೇ ಇದ್ಲು, ನೀನು ಹಿಡಿದಿದ್ದೆಲ್ಲ ಮುರೀತೀಯ ಅಂತ. ನಾಳೆ ನಾನು ಬರಲ್ಲ ಐನಾರ್. ಸಾಮಾನು ಕಟ್ಕೋತೀನಿ. ಸುಮ್ನೆ ಯಾಕೆ ನಿನ್ನನ್ನ ನೀರಲ್ಲಿ ನಿಲ್ಲಿಸೋದು."

ಐನಾರ್ ಚಮಚ ಕೆಳಗಿಟ್ಟ. ಜೇಬಿಗೆ ಕೈಹಾಕಿ ತಡಕಿದ. ಸಿಕ್ಕಿತೋ ಇಲ್ಲವೋ ಬೆರಳಿಗೆ ತಿಳಿಯದೆ ಕೊನೆಗೆ ಜೇಬನ್ನೇ ಹೊರಗೆ ಮಗುಚಿದ. ಸುರುಳಿಯಾದ ದಾರದ ಚೂರು ರೊಟ್ಟಿಯ ತಟ್ಟೆಯ ಪಕ್ಕ ಬಿತ್ತು.

ವರ್ನಾ ಅಗಿಯುವುದನ್ನು ನಿಲ್ಲಿಸಿದಳು. ಸಾರಿನ ಪಾತ್ರೆ ಹಿಡಿದು ಬಂದ ಲೋಯಿಸ್ ನಿಂತಲ್ಲೇ ನಿಂತಳು. ಅತಿಥಿಗಳಿಗೆ ಏನೆಂದು ತಿಳಿಯಲಿಲ್ಲ.

"ಇದೇನು?" ಅಂದ ಓರೆಸ್ಟ್.

"ನಿನ್ನ ಮೀನು," ಅಂದ ಐನಾರ್. "ನೀನು ಮುರೀಲಿಲ್ಲ. ಗಂಟು ಬಿಚ್ಕೊಂಡಿದೆ. ಕಟ್ಟಿದ್ದು ನಾನು. ನೀನು ಕಟ್ತೀನಿ ಅಂದೆ, ನಾನು ಬಿಡ್ಲಿಲ್ಲ." ಲೋಯಿಸ್ ಕಡೆ ತಿರುಗಿದ. "ಹೇಳ್ತೀನಿ ಅಂದಿದ್ದೆ. ತಡ ಆಯ್ತು."

ದೋಣಿಯ ಕೀಲಿಯನ್ನು ಕೊರಳಿನಿಂದ ತೆಗೆದು ಅದೇ ತಟ್ಟೆಯ ಪಕ್ಕ ಇಟ್ಟ. ಲೋಯಿಸ್ ಅದನ್ನು ಮುಟ್ಟಲಿಲ್ಲ. ಪಾತ್ರೆ ಇಳಿಸಿ, ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ತಿನ್ನು. ಆರೋಗುತ್ತೆ," ಅಂದಳು.

ಓರೆಸ್ಟ್ ಆ ಚೂರನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಸಿಟ್ಟು ಬಂದಿತ್ತು, ಮುಖ ಕೆಂಪಾಗಿತ್ತು. "ಮಧ್ಯಾಹ್ನದಿಂದ ನನ್ನ ಕೈಯನ್ನ ನಾನೇ ಬೈಕೊಂಡಿದೀನಿ ಕಣಯ್ಯಾ," ಅಂದ. "ಪೂರಾ ಆರು ಗಂಟೆ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಲ್ಲ."

ಓರೆಸ್ಟ್ ಎದ್ದು ತನ್ನ ಕೋಣೆಗೆ ಹೋದ.

ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಐನಾರ್‌ಗೆ ಎಚ್ಚರವಾಯಿತು. ಏಳಬೇಕಾಗಿರಲಿಲ್ಲ, ಆದರೂ ಎದ್ದ. ದಡಕ್ಕೆ ಹೋದರೆ ಅವನ ದೋಣಿಯಲ್ಲಿ ವರ್ನಾ ಮೋಟಾರಿನ ಪಕ್ಕ ಕೂತಿದ್ದಳು. ಮುಂದೆ ಓರೆಸ್ಟ್ ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ಕೂತಿದ್ದ. ಇವನ ಕಡೆ ನೋಡದೆ ಪಕ್ಕದ ಜಾಗ ತಟ್ಟಿದ.

"ಹತ್ತು. ಗಂಟು ಹಾಕೋದು ಹೇಳ್ಕೊಡು."

"ಬೇಗ ಹತ್ತೋ ಮುದುಕ," ಅಂದಳು ವರ್ನಾ. "ಅತಿಥಿ ಸೀಟು ಮೆತ್ತಗಿರುತ್ತೆ, ಹೆದರ್ಬೇಡ."

ನಲವತ್ತೊಂದು ವರ್ಷದಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಗಾಳಿಗೆ ಬೆನ್ನು ಕೊಟ್ಟು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕೂತ. ನದಿ ಎಂದಿನಂತೆಯೇ ಹೋಗುತ್ತಿತ್ತು, ಅವನು ಮಾತ್ರ ಏನನ್ನೂ ಮಾಡುತ್ತಿರಲಿಲ್ಲ. ಅದೇ ಮಡುವಿನಲ್ಲಿ ಇಳಿದರು. ಓರೆಸ್ಟ್ ಕನ್ನಡಕ ಏರಿಸಿ ದಾರ ಹಿಡಿದ.

"ಐದು ಸುತ್ತು. ಈಗ ತುದಿ ಒಳಗೆ ತೂರಿಸು. ಬಾಯಲ್ಲಿಟ್ಟು ಒದ್ದೆ ಮಾಡು. ಒಣ ಗಂಟು ಎಳೆದ್ರೆ ದಾರ ಸುಟ್ಟು ಹೋಗುತ್ತೆ. ನಿಧಾನ. ನಿಧಾನ ಅಂದ್ನಲ್ಲ, ರೈಲು ಬರ್ತಾ ಇಲ್ಲ."

ಮೂರು ಸಲ ಕೆಟ್ಟಿತು, ನಾಲ್ಕನೆಯದು ಕೂತಿತು. ಓರೆಸ್ಟ್ ಅದನ್ನು ಗುಂಡಿಗೆ ಸಿಕ್ಕಿಸಿ ಎರಡು ಸಲ ಜಗ್ಗಿದ.

ದಿನವೆಲ್ಲ ಜಿನುಗು ಮಳೆ. ಐನಾರ್ ದಡದ ಬೊಡ್ಡೆಯ ಮೇಲೆ ಕೂತು, ಹೊತ್ತಿಗೆ ಸರಿಯಾಗಿ ಬುತ್ತಿ ಬಿಚ್ಚಿ ತಿಂದ. ಮೂರು ಗಂಟೆಯ ಮೇಲೆ, ಯಾರೂ ಏನನ್ನೂ ಕಾಯದೆ ಇದ್ದಾಗ, ಕೋಲು ಬಾಗಿತು. ಹಾರಾಟವಿಲ್ಲ, ಓಟವಿಲ್ಲ. ಭಾರ ಮಾತ್ರ. ಬಂದದ್ದು ಕಪ್ಪಾಗಿ ಬಡಕಲಾದ ಮೀನು. ಮೊಟ್ಟೆಯಿಟ್ಟು ಮುಗಿಸಿ, ಬಾಲ ಸವೆದು, ಸಮುದ್ರಕ್ಕೆ ಹಿಂತಿರುಗುತ್ತಿದ್ದದ್ದು. ಓರೆಸ್ಟ್ ಮಂಡಿಯೂರಿ ಅದರ ಬಾಲವನ್ನು ನೀರಿನಲ್ಲೇ ಹಿಡಿದ.

"ಇದು ಲೆಕ್ಕಕ್ಕೆ ಬರುತ್ತಾ?"

"ನಮ್ಮಜ್ಜಿ ಆಗಿದ್ರೆ ಇದನ್ನ ನೋಡಿ ಅಯ್ಯೋ ಪಾಪ ಅಂತ ಊಟ ಹಾಕ್ತಿದ್ಲು," ಅಂದಳು ವರ್ನಾ.

"ಬರುತ್ತೆ," ಅಂದ ಐನಾರ್. "ತಲೆ ನೀರು ಬರೋ ಕಡೆಗಿರಲಿ. ಉಸಿರಾಡ್ಲಿ. ತಾನಾಗಿ ಹೋಗುತ್ತೆ."

ಓರೆಸ್ಟ್ ಗಾಳ ಬಿಡಿಸಿದ. ಮೀನು ಅವನ ಕೈಯಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ಬಾಲ ಒಂದು ಸಲ ಆಡಿಸಿ ಕೆಳನೀರಿಗೆ ಇಳಿಯಿತು. ಓರೆಸ್ಟ್ ಕಷ್ಟಪಟ್ಟು ಎದ್ದು, ದಾರದ ತುದಿಯನ್ನು ಹಿಡಿದುಕೊಂಡು ಬೊಡ್ಡೆಯವರೆಗೆ ಬಂದ.

"ಗಂಟು ನೋಡು," ಅಂದ.

ಐನಾರ್ ಅಭ್ಯಾಸದಂತೆ ಅದನ್ನು ಎರಡು ಬೆರಳುಗಳ ನಡುವೆ ಹಿಡಿದ. ಏನೂ ತಿಳಿಯಲಿಲ್ಲ. ಆಗ ಗಾಳವನ್ನು ಮೆಲ್ಲಗೆ ಎತ್ತಿ, ಗಂಟನ್ನು ಕೆಳತುಟಿಗೆ ಒತ್ತಿ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದ. ತುಟಿಗೆ ಇನ್ನೂ ಜೀವವಿತ್ತು.

"ಹಿಡಿದಿದೆ," ಅಂದ.